ಹೊಗೆಯ ಹೆಸರು, ಭಿತ್ತಿಯ ರೋಗ: ಮೊಯಮೊಯ ಕಾಯಿಲೆಯಲ್ಲಿನ ರಕ್ತನಾಳ ಬದಲಾವಣೆಗಳು ಮತ್ತು ಕನ್ನಡ ನಿರೂಪಣೆಯ ಪ್ರಶ್ನೆ

1. ಪ್ರಸ್ತಾವನೆ

ಕನ್ನಡ ವಿಜ್ಞಾನ ಸಾಹಿತ್ಯದ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಚರ್ಚೆಯಾಗಿಯೇ ನಡೆದುಬಂದಿದೆ. ಸಂಸ್ಕೃತದಿಂದ ಪದ ಕಟ್ಟಬೇಕೆ, ದೇಸಿ ಪದಗಳನ್ನು ಬಳಸಬೇಕೆ, ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯಬೇಕೆ ಎಂಬ ಮೂರು ನಿಲುವುಗಳ ಸುತ್ತ ಈ ಚರ್ಚೆ ಸುತ್ತಿದೆ. ಬೆಳ್ಳಾವೆ ವೆಂಕಟನಾರಣಪ್ಪನವರು ತೊಡಗಿಕೊಂಡಿದ್ದ 1918ರ 'ವಿಜ್ಞಾನ' ಪತ್ರಿಕೆಯಿಂದ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದವರೆಗೆ, ಅಲ್ಲಿಂದ ಇಂದಿನ ಪಠ್ಯಪುಸ್ತಕಗಳವರೆಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ಆದರೆ ನಾಮಪದಗಳ ಈ ಚರ್ಚೆಯಲ್ಲಿ ಕ್ರಿಯಾಪದಗಳು ಹಿಂದೆ ಉಳಿದಿವೆ. ಒಂದು ರೋಗವನ್ನು ವಿವರಿಸುವಾಗ ಬರಹಗಾರನು ಅರಿವಿಲ್ಲದೆ ಬಳಸುವ 'ಕಟ್ಟಿಕೊಂಡಿದೆ', 'ತುಂಬಿಕೊಂಡಿದೆ', 'ಒಡೆದಿದೆ' ಎಂಬ ನಿತ್ಯದ ಮಾತುಗಳು ಆ ರೋಗದ ಬಗ್ಗೆ ಯಾವ ಚಿತ್ರವನ್ನು ಓದುಗನ ಮನಸ್ಸಿನಲ್ಲಿ ಮೂಡಿಸುತ್ತವೆ ಎಂಬುದು ಅಷ್ಟಾಗಿ ಪರಿಶೀಲನೆಗೆ ಒಳಗಾಗಿಲ್ಲ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ಉದಾಹರಣೆಯ ಮೂಲಕ ಪರಿಶೀಲಿಸುತ್ತದೆ. ಆ ಉದಾಹರಣೆ ಮೆದುಳಿನ ಅಪಧಮನಿಗಳಿಗೆ ತಗಲುವ 'ಮೊಯಮೊಯ' ಎಂಬ ಅಪರೂಪದ ಕಾಯಿಲೆ. ಜಪಾನಿನಲ್ಲಿ ಮೊದಲು ಗುರುತಿಸಲ್ಪಟ್ಟು, ಜಪಾನೀ ಭಾಷೆಯ ಪದದಿಂದಲೇ ಜಗತ್ತಿನಾದ್ಯಂತ ಪರಿಚಿತವಾಗಿರುವ ಈ ಕಾಯಿಲೆಯ ಹೆಸರು ಒಂದು ಕಡೆಗೆ ಬೆರಳು ತೋರಿಸುತ್ತದೆ. ಕಾಯಿಲೆ ಇರುವುದು ಇನ್ನೊಂದು ಕಡೆ. ಹೆಸರು ಹೊಗೆಯನ್ನು ಹೇಳುತ್ತದೆ, ಕಾಯಿಲೆ ಇರುವುದು ರಕ್ತನಾಳದ ಭಿತ್ತಿಯಲ್ಲಿ. ಈ ಅಂತರವನ್ನು ಗಮನಿಸದೆ ಮಾಡುವ ಕನ್ನಡ ನಿರೂಪಣೆ, ಪಾರಿಭಾಷಿಕವಾಗಿ ಎಷ್ಟೇ ಶುದ್ಧವಾಗಿದ್ದರೂ, ಓದುಗನಿಗೆ ಬೇರೊಂದು ರೋಗವನ್ನೇ ಪರಿಚಯಿಸಿಬಿಡಬಹುದು ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

2. ಹೆಸರಿನ ಹಿನ್ನೆಲೆ

ಈ ಕಾಯಿಲೆಯ ಮೊದಲ ವರದಿ 1957ರದು. ಜಪಾನಿನ ತಕೆಉಚಿ ಮತ್ತು ಶಿಮಿಜು ಎಂಬ ವೈದ್ಯರು ಎರಡೂ ಬದಿಯ ಒಳ ಕೆರೋಟಿಡ್ ಅಪಧಮನಿಗಳು ಕಿರಿದಾಗಿದ್ದ ರೋಗಿಯೊಬ್ಬರ ವಿವರವನ್ನು ಪ್ರಕಟಿಸಿದರು. ಅವರು ಅದನ್ನು ನಾಳಗಳ ಅಪೂರ್ಣ ಬೆಳವಣಿಗೆ ಎಂದು ಕರೆದರು. ಎಂದರೆ ಆರಂಭದಲ್ಲಿ ಇದು 'ಬೆಳೆಯದೆ ಉಳಿದ ನಾಳ'ವೆಂದು ಭಾವಿಸಲ್ಪಟ್ಟಿತೇ ಹೊರತು 'ಬೆಳೆದ ಮೇಲೆ ಬದಲಾದ ನಾಳ'ವೆಂದಲ್ಲ. ಮುಂದೆ 'ವಿಲ್ಲಿಸ್ ವರ್ತುಲದ ಸ್ವಯಂಪ್ರೇರಿತ ಮುಚ್ಚುವಿಕೆ' ಎಂಬ ಅರ್ಥದ ಹೆಸರು ಬಳಕೆಗೆ ಬಂದಿತು. ವಿಲ್ಲಿಸ್ ವರ್ತುಲವೆಂಬುದು ಮೆದುಳಿನ ತಳಭಾಗದಲ್ಲಿ ಮುಖ್ಯ ಅಪಧಮನಿಗಳು ಪರಸ್ಪರ ಕೂಡಿಕೊಂಡು ಏರ್ಪಟ್ಟಿರುವ ಬಳೆಯಂತಹ ರಚನೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಿಲ್ಲಿಸ್ 1664ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅದನ್ನು ವಿವರಿಸಿದ ಕಾರಣ ಈ ಹೆಸರು ಬಂದಿದೆ. 1968ರಲ್ಲಿ ಕುಡೊ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯು ಈ ರೋಗ ಜಪಾನೀಯರಿಗೆ ಮಾತ್ರ ಸೀಮಿತವಾದಂತೆ ತೋರುತ್ತದೆ ಎಂಬ ಅಭಿಪ್ರಾಯವನ್ನು ಒಳಗೊಂಡಿತ್ತು. ಆ ಅಭಿಪ್ರಾಯ ಉಳಿಯಲಿಲ್ಲ. ಪೂರ್ವ ಏಷ್ಯಾದಲ್ಲಿ ಹೆಚ್ಚಾಗಿ ಕಂಡುಬಂದರೂ ಭಾರತವೂ ಸೇರಿದಂತೆ ಅನೇಕ ದೇಶಗಳಿಂದ ಈ ಕಾಯಿಲೆ ವರದಿಯಾಗಿದೆ.

'ಮೊಯಮೊಯ' ಎಂಬ ಹೆಸರನ್ನು ಜಗತ್ತಿಗೆ ಪರಿಚಯಿಸಿದವರು ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಜಿರೊ ಸುಜುಕಿ ಮತ್ತು ಅಕಿರ ತಕಕು. 1969ರಲ್ಲಿ ಪ್ರಕಟವಾದ ಅವರ ಲೇಖನವು ಮೆದುಳಿನ ತಳದಲ್ಲಿ ಕಾಣುವ ಅಸಹಜವಾದ ಬಲೆಯಂತಹ ನಾಳಗಳನ್ನು ಈ ಪದದಿಂದ ವರ್ಣಿಸಿತು. ಆಂಜಿಯೋಗ್ರಫಿಯ ಚಿತ್ರದಲ್ಲಿ ಆ ಸೂಕ್ಷ್ಮ ನಾಳಗಳ ಗುಂಪು ಸಿಗರೇಟಿನ ಹೊಗೆ ಗಾಳಿಯಲ್ಲಿ ತೇಲಿದಂತೆ ಮಸುಕಾಗಿ ಕಾಣುತ್ತಿತ್ತು. ಜಪಾನೀ ಭಾಷೆಯಲ್ಲಿ 'ಮೊಯ' ಎಂದರೆ ಮಬ್ಬು, ಮಂಜು. 'ಮೊಯಮೊಯ' ಎಂದರೆ ಮಬ್ಬುಮಬ್ಬಾದ, ಸ್ಪಷ್ಟ ಅಂಚಿಲ್ಲದ ಸ್ಥಿತಿ. ತಿಳಿಯಾಗದ ಮನಸ್ಸಿನ ಸ್ಥಿತಿಯನ್ನು ಹೇಳಲೂ ಅದೇ ಪದ ಬಳಕೆಯಾಗುತ್ತದೆ.

ಕನ್ನಡ ವ್ಯಾಕರಣದ ಪರಿಚಯವುಳ್ಳವರಿಗೆ ಈ ಪದದ ರಚನೆ ಅಪರಿಚಿತವೇನಲ್ಲ. ಥಳಥಳ, ಮಿಣಮಿಣ ಮುಂತಾದ ಅನುಕರಣಾವ್ಯಯಗಳಲ್ಲಿ ಧ್ವನಿಯ ಪುನರಾವರ್ತನೆಯಿಂದ ಕಣ್ಣಿಗೆ ಕಾಣುವ ಅನುಭವವೊಂದು ಮೂಡುವುದನ್ನು ಇಲ್ಲಿ ನೆನೆಯಬಹುದು. ಲಿಪ್ಯಂತರದ ಮಟ್ಟಿಗೂ ಕನ್ನಡಕ್ಕೆ ಒಂದು ಅನುಕೂಲವಿದೆ. ರೋಮನ್ ಲಿಪಿಯ ಬರಹವನ್ನು ನೋಡಿ 'ಮೋಯಾಮೋಯಾ' ಎಂದು ಬರೆಯುವುದುಂಟು. ಜಪಾನೀ ಪದದಲ್ಲಿರುವುದು ಹ್ರಸ್ವ ಒಕಾರ ಮತ್ತು ಹ್ರಸ್ವ ಅಕಾರ. ಹ್ರಸ್ವ ದೀರ್ಘ ಒಕಾರಗಳೆರಡಕ್ಕೂ ಲಿಪಿಚಿಹ್ನೆಗಳಿರುವ ಕನ್ನಡದಲ್ಲಿ 'ಮೊಯಮೊಯ' ಎಂದೇ ಬರೆಯಬಹುದು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಬೇರೆಯಿದೆ. ಹೆಸರು ಹುಟ್ಟಿದ್ದು ಒಂದು ಚಿತ್ರದಿಂದ. ಮೆದುಳಿನ ಆಂಜಿಯೋಗ್ರಫಿಯನ್ನು 1927ರಲ್ಲಿ ರೂಪಿಸಿದವರು ಪೋರ್ಚುಗಲ್‌ನ ಎಗಾಸ್ ಮೋನಿಜ್. ನಾಳದೊಳಕ್ಕೆ ಎಕ್ಸ್-ಕಿರಣಕ್ಕೆ ಕಾಣುವ ದ್ರವವನ್ನು ಸೇರಿಸಿ ತೆಗೆಯುವ ಈ ಚಿತ್ರದಲ್ಲಿ ಕಾಣುವುದು ನಾಳವಲ್ಲ, ನಾಳದೊಳಗೆ ದ್ರವ ಹರಿದ ದಾರಿ. ನದಿಯನ್ನು ಬಹಳ ಎತ್ತರದಿಂದ ನೋಡಿದಾಗ ನೀರು ಕಾಣುತ್ತದೆ, ದಡದ ಮಣ್ಣಿನ ಗುಣ ಕಾಣುವುದಿಲ್ಲ. ಹಾಗೆಯೇ ಆಂಜಿಯೋಗ್ರಫಿಗೆ ಭಿತ್ತಿ ಕಾಣುವುದಿಲ್ಲ. ಆದ್ದರಿಂದ ಈ ಕಾಯಿಲೆಗೆ ಸಿಕ್ಕ ಹೆಸರು, ನೋಡಲು ಸಾಧ್ಯವಾದುದರ ಹೆಸರೇ ಆಯಿತು.

3. ಭಿತ್ತಿಯಲ್ಲಿ ನಡೆಯುವ ಬದಲಾವಣೆ

ಆರೋಗ್ಯವಂತ ಅಪಧಮನಿಯ ಭಿತ್ತಿಯಲ್ಲಿ ಮೂರು ಪದರಗಳಿರುತ್ತವೆ. ರಕ್ತಕ್ಕೆ ತಾಗಿಕೊಂಡಿರುವುದು ಒಳಪದರ. ಅದು ಬಹು ತೆಳುವಾದದ್ದು. ಅದರ ಹೊರಗೆ ನುಣುಪು ಸ್ನಾಯುಕೋಶಗಳಿಂದ ಕೂಡಿದ ನಡುಪದರ. ಎಲ್ಲಕ್ಕಿಂತ ಹೊರಗೆ ನಾರಿನಂಶದ ಹೊರಪದರ. ಒಳಪದರ ಮತ್ತು ನಡುಪದರಗಳ ಗಡಿಯಲ್ಲಿ ಹಿಗ್ಗಿ ಕುಗ್ಗುವ ಗುಣವುಳ್ಳ ಸ್ಥಿತಿಸ್ಥಾಪಕ ಪೊರೆಯೊಂದಿದೆ. ತಲೆಬುರುಡೆಯ ಒಳಗಿನ ಅಪಧಮನಿಗಳಿಗೆ ಕೆಲವು ವಿಶೇಷಗಳಿವೆ. ದೇಹದ ಇತರ ಭಾಗಗಳ ಅದೇ ಗಾತ್ರದ ನಾಳಗಳಿಗೆ ಹೋಲಿಸಿದರೆ ಇವುಗಳ ನಡುಪದರ ಮತ್ತು ಹೊರಪದರಗಳು ತೆಳು. ನಡುಪದರದ ಹೊರಬದಿಯ ಸ್ಥಿತಿಸ್ಥಾಪಕ ಪೊರೆ ಇವುಗಳಲ್ಲಿ ಇರುವುದಿಲ್ಲವೆಂದೇ ಹೇಳಬಹುದು. ಹೀಗಾಗಿ ಒಳಗಿನ ಪೊರೆಯ ಮೇಲೆ ಹೆಚ್ಚಿನ ಹೊಣೆಯಿರುತ್ತದೆ.

ಮೊಯಮೊಯ ಕಾಯಿಲೆಯಲ್ಲಿ ಬದಲಾವಣೆ ಮುಖ್ಯವಾಗಿ ಒಳ ಕೆರೋಟಿಡ್ ಅಪಧಮನಿಯ ತುದಿಯಲ್ಲಿ, ಅದು ಮೆದುಳಿನ ಮುಂದಿನ ಮತ್ತು ನಡುವಿನ ಅಪಧಮನಿಗಳಾಗಿ ಕವಲೊಡೆಯುವ ಜಾಗದಲ್ಲಿ ಕಂಡುಬರುತ್ತದೆ. ಮರಣೋತ್ತರ ಪರೀಕ್ಷೆಗಳಿಂದ ಮತ್ತು ಶಸ್ತ್ರಚಿಕಿತ್ಸೆಯ ವೇಳೆ ಪಡೆದ ಸೂಕ್ಷ್ಮ ತುಣುಕುಗಳಿಂದ ತಿಳಿದುಬಂದಿರುವ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲನೆಯದಾಗಿ, ಒಳಪದರ ದಪ್ಪವಾಗುತ್ತದೆ. ಈ ದಪ್ಪಕ್ಕೆ ಕಾರಣ ಕೋಶಗಳ ಮತ್ತು ನಾರಿನಂಶದ ಹೆಚ್ಚಳ. ನಡುಪದರದಲ್ಲಿರಬೇಕಾದ ನುಣುಪು ಸ್ನಾಯುಕೋಶಗಳು ದಪ್ಪಗೊಂಡ ಒಳಪದರದಲ್ಲಿ ಕಾಣಿಸಿಕೊಳ್ಳುತ್ತವೆ. ಕೆಲವೆಡೆ ಈ ದಪ್ಪ ಪದರದ ಮೇಲೆ ಪದರವಿಟ್ಟಂತೆ ಇರುತ್ತದೆ.

ಎರಡನೆಯದಾಗಿ, ಸ್ಥಿತಿಸ್ಥಾಪಕ ಪೊರೆ ನೇರವಾಗಿ ಉಳಿಯದೆ ಅತಿಯಾಗಿ ನೆರಿಗೆಗಟ್ಟುತ್ತದೆ. ಕೆಲವೆಡೆ ಎರಡು ಅಥವಾ ಹೆಚ್ಚು ಎಳೆಗಳಾಗಿ ಕಾಣುತ್ತದೆ.

ಮೂರನೆಯದಾಗಿ, ನಡುಪದರ ತೆಳುವಾಗುತ್ತದೆ. ಒಳಪದರದ ದಪ್ಪ ಮತ್ತು ನಡುಪದರದ ತೆಳುವು ಒಂದೇ ನಾಳದಲ್ಲಿ ಜೊತೆಜೊತೆಯಾಗಿ ಇರುವುದು ಈ ಕಾಯಿಲೆಯ ವಿಶೇಷ.

ನಾಲ್ಕನೆಯದಾಗಿ, ಇಲ್ಲದಿರುವುದೂ ಇರುವುದರಷ್ಟೇ ಮುಖ್ಯ. ವಯಸ್ಸಾದವರ ಅಪಧಮನಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕೊಬ್ಬಿನ ಗಡ್ಡೆ ಈ ಭಿತ್ತಿಯ ಲಕ್ಷಣವಲ್ಲ. ಕೆಲವು ಮಾದರಿಗಳಲ್ಲಿ ರಕ್ಷಣಾ ಕೋಶಗಳು ಕಂಡುಬಂದಿದ್ದರೂ ಉರಿಯೂತವು ಪ್ರಧಾನ ಚಿತ್ರವಲ್ಲ.

ಐದನೆಯದಾಗಿ, ನಾಳದ ಹೊರಸುತ್ತಳತೆಯೇ ಕಡಿಮೆಯಾಗುತ್ತದೆ. ಒಳಪದರ ದಪ್ಪವಾಗಿ ಒಳದಾರಿ ಕಿರಿದಾಗುವುದು ಒಂದು ಸಂಗತಿ. ಇಡೀ ನಾಳವೇ ಹೊರಗಿನಿಂದ ಚಿಕ್ಕದಾಗುವುದು ಇನ್ನೊಂದು. 2012ರಲ್ಲಿ ಕಾಕು ಮತ್ತು ಸಂಗಡಿಗರು ವಿಶೇಷ ಬಗೆಯ ಎಂಆರ್‌ಐ ಚಿತ್ರಗಳ ಮೂಲಕ ಈ ಹೊರಸುತ್ತಳತೆಯ ಕುಗ್ಗುವಿಕೆಯನ್ನು ತೋರಿಸಿ, ಕಾಯಿಲೆಯ ಮೂಲಪ್ರಕ್ರಿಯೆ ಇದೇ ಇರಬಹುದೇ ಎಂಬ ಪ್ರಶ್ನೆಯನ್ನು ಎತ್ತಿದರು. ಕೊಬ್ಬಿನ ಗಡ್ಡೆಯಿಂದ ಕಿರಿದಾಗುವ ಅಪಧಮನಿಯಲ್ಲಿ ಹಲವು ವೇಳೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ: ಒಳಗೆ ಗಡ್ಡೆ ಬೆಳೆದಂತೆ ನಾಳ ಹೊರಕ್ಕೆ ಹಿಗ್ಗಿ ದಾರಿ ಉಳಿಸಿಕೊಳ್ಳಲು ನೋಡುತ್ತದೆ. ಎರಡೂ ಕಡೆ ಫಲಿತಾಂಶ 'ಕಿರಿದಾದ ದಾರಿ'ಯೇ. ಆದರೆ ಭಿತ್ತಿಯ ನಡವಳಿಕೆ ಪರಸ್ಪರ ವಿರುದ್ಧ.

ಇನ್ನು 'ಹೊಗೆ'ಯ ವಿಚಾರ. ಮುಖ್ಯ ದಾರಿ ಕಿರಿದಾದಂತೆ ರಕ್ತ ಬೇರೆ ದಾರಿಗಳನ್ನು ಹುಡುಕುತ್ತದೆ. ಮೆದುಳಿನ ಆಳಕ್ಕೆ ಇಳಿಯುವ ಕೂದಲೆಳೆಯಂತಹ ಸೂಕ್ಷ್ಮ ಅಪಧಮನಿಗಳು ಹಿಗ್ಗಿ ಬಳಸುದಾರಿಗಳಾಗಿ ಮಾರ್ಪಡುತ್ತವೆ. ಚಿತ್ರದಲ್ಲಿ ಹೊಗೆಯಂತೆ ಕಂಡದ್ದು ಈ ಬಳಸುದಾರಿಗಳ ಗುಂಪು. 1983ರಲ್ಲಿ ಯಮಶಿತ ಮತ್ತು ಸಂಗಡಿಗರು ಪ್ರಕಟಿಸಿದ ಸೂಕ್ಷ್ಮದರ್ಶಕ ಅಧ್ಯಯನವು ಈ ನಾಳಗಳ ಭಿತ್ತಿಯನ್ನೂ ಪರಿಶೀಲಿಸಿತು. ಹಿಗ್ಗಿದ ಕೆಲವು ನಾಳಗಳಲ್ಲಿ ಭಿತ್ತಿ ತೆಳುವಾಗಿ, ಸ್ಥಿತಿಸ್ಥಾಪಕ ಪೊರೆ ತುಂಡುತುಂಡಾಗಿರುತ್ತದೆ. ಅಲ್ಲಲ್ಲಿ ಗುಳ್ಳೆಯಂತಹ ಉಬ್ಬುಗಳಾಗುತ್ತವೆ. ಬೇರೆ ಕೆಲವು ನಾಳಗಳಲ್ಲಿ ಭಿತ್ತಿ ದಪ್ಪವಾಗಿ ದಾರಿ ಕಿರಿದಾಗಿರುತ್ತದೆ. ತೆಳುವಾದವು ಒಡೆದರೆ ಮೆದುಳಿನೊಳಗೆ ರಕ್ತಸ್ರಾವ. ಕಿರಿದಾದವು ಮುಚ್ಚಿದರೆ ರಕ್ತದ ಕೊರತೆ. ಒಂದೇ ಕಾಯಿಲೆ ಒಬ್ಬರಲ್ಲಿ ರಕ್ತ ಸಾಲದೆಯೂ ಇನ್ನೊಬ್ಬರಲ್ಲಿ ರಕ್ತ ಸುರಿದೂ ಪ್ರಕಟವಾಗುವುದರ ಗುಟ್ಟು ಭಿತ್ತಿಯ ಈ ಎರಡು ಬಗೆಯ ಬದಲಾವಣೆಯಲ್ಲಿದೆ. ಮಕ್ಕಳಲ್ಲಿ ರಕ್ತದ ಕೊರತೆಯ ಲಕ್ಷಣಗಳೇ ಹೆಚ್ಚು. ರಕ್ತಸ್ರಾವ ಹೆಚ್ಚಾಗಿ ಕಂಡುಬರುವುದು ವಯಸ್ಕರಲ್ಲಿ.

4. ಹೊಗೆ ಕರಗಿದರೆ ಗುಣವೆ?

ಸುಜುಕಿ ಮತ್ತು ತಕಕು ಅವರು 1969ರ ಲೇಖನದಲ್ಲಿಯೇ ಕಾಯಿಲೆಯ ಬೆಳವಣಿಗೆಯನ್ನು ಆರು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲಿ ಕೆರೋಟಿಡ್ ಕವಲು ಕಿರಿದಾಗುತ್ತದೆ. ಎರಡನೆಯದರಲ್ಲಿ ಹೊಗೆ ಕಾಣಿಸಿಕೊಳ್ಳುತ್ತದೆ. ಮೂರನೆಯದರಲ್ಲಿ ಅದು ದಟ್ಟವಾಗುತ್ತದೆ. ನಾಲ್ಕು ಮತ್ತು ಐದನೆಯ ಹಂತಗಳಲ್ಲಿ ಕ್ರಮೇಣ ಕಡಿಮೆಯಾಗಿ ಆರನೆಯದರಲ್ಲಿ ಇಲ್ಲವಾಗುತ್ತದೆ. ಎಲ್ಲ ರೋಗಿಗಳೂ ಈ ಆರೂ ಹಂತಗಳನ್ನು ಹಾದುಹೋಗುತ್ತಾರೆಂದು ಇದರ ಅರ್ಥವಲ್ಲ.

ಕನ್ನಡದ ಓದುಗನು 'ಮೊಯಮೊಯ' ಎಂದರೆ 'ಹೊಗೆಯ ಕಾಯಿಲೆ' ಎಂದು ತಿಳಿದು ಈ ಹಂತಗಳನ್ನು ಓದಿದನೆನ್ನೋಣ. ಹೊಗೆ ದಟ್ಟವಾದ ಮೂರನೆಯ ಹಂತವೇ ಅತ್ಯಂತ ಕೆಟ್ಟದ್ದು, ಹೊಗೆ ಇಲ್ಲವಾದ ಆರನೆಯ ಹಂತವೇ ಗುಣಮುಖತೆ ಎಂದು ಅವನು ಭಾವಿಸುವುದು ಸಹಜ. ವಾಸ್ತವ ಇದಕ್ಕೆ ವಿರುದ್ಧ. ಆರನೆಯ ಹಂತದಲ್ಲಿ ಒಳ ಕೆರೋಟಿಡ್ ಅಪಧಮನಿಯಿಂದ ಮೆದುಳಿಗೆ ಹೋಗುತ್ತಿದ್ದ ದಾರಿ ಪೂರ್ತಿಯಾಗಿ ಇಲ್ಲವಾಗಿರುತ್ತದೆ; ಆ ದಾರಿಯನ್ನೇ ನೆಚ್ಚಿದ್ದ ಬಳಸುದಾರಿಗಳೂ ಅದರೊಂದಿಗೆ ಹೋಗಿರುತ್ತವೆ. ಮೆದುಳಿನ ಆ ಭಾಗ ತಲೆಬುರುಡೆಯ ಹೊರಗಿನ ಅಪಧಮನಿಗಳಿಂದಲೂ ಹಿಂಬದಿಯ ನಾಳಗಳಿಂದಲೂ ಬರುವ ರಕ್ತವನ್ನು ಅವಲಂಬಿಸಿರುತ್ತದೆ. ಹೊಗೆ ರೋಗವಲ್ಲ, ರೋಗಕ್ಕೆ ದೇಹ ಕೊಟ್ಟ ಉತ್ತರ. ಉತ್ತರ ನಿಂತ ಮಾತ್ರಕ್ಕೆ ಪ್ರಶ್ನೆ ಬಗೆಹರಿದಂತಾಗುವುದಿಲ್ಲ.

ಭಿತ್ತಿಯತ್ತ ಗಮನ ಹರಿದಂತೆ ರೋಗನಿರ್ಣಯದ ಭಾಷೆಯೂ ಬದಲಾಗಿದೆ. ಜಪಾನಿನ ಸಂಶೋಧನಾ ಸಮಿತಿ 2021ರಲ್ಲಿ ಪರಿಷ್ಕರಿಸಿದ ನಿರ್ಣಯಸೂತ್ರಗಳಲ್ಲಿ ಅಪಧಮನಿಯ ಹೊರಸುತ್ತಳತೆಯ ಕುಗ್ಗುವಿಕೆಗೂ ಸ್ಥಾನ ದೊರೆತಿದೆ. ಎರಡೂ ಬದಿಗಳಲ್ಲಿ ಇರಲೇಬೇಕೆಂಬ ಹಿಂದಿನ ನಿಯಮ ಸಡಿಲಗೊಂಡು ಒಂದೇ ಬದಿಯ ಪ್ರಕರಣಗಳೂ ಸೇರಿವೆ. ವಂಶವಾಹಿ ಸಂಶೋಧನೆಯೂ ಭಿತ್ತಿಯ ಕಡೆಗೇ ಸಾಗಿದೆ. 2011ರಲ್ಲಿ ಜಪಾನಿನ ಎರಡು ತಂಡಗಳು ಆರ್‌ಎನ್‌ಎಫ್213 ಎಂಬ ವಂಶವಾಹಿಗೂ ಈ ಕಾಯಿಲೆಗೂ ಇರುವ ನಂಟನ್ನು ಪ್ರಕಟಿಸಿದವು. ಆದರೆ ಆ ವಂಶವಾಹಿಯ ಬದಲಾದ ರೂಪವನ್ನು ಹೊತ್ತವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದಿಲ್ಲ. ಜಪಾನಿನ ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಆ ರೂಪವಿದೆ. 2003ರ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ರೋಗಿಗಳ ಪ್ರಮಾಣವಾದರೋ ಲಕ್ಷಕ್ಕೆ ಸುಮಾರು 6. ಎಂದರೆ 'ವಂಶದಲ್ಲಿದೆ' ಎಂಬ ಒಂದೇ ಮಾತಿನಿಂದ ಈ ಸಂಬಂಧವನ್ನು ಹೇಳಿ ಮುಗಿಸುವಂತಿಲ್ಲ.

5. ಕನ್ನಡದ ಪದಗಳು ಮೂಡಿಸುವ ಚಿತ್ರ

ಮೇಲಿನ ಸಂಗತಿಗಳನ್ನು ಕನ್ನಡದಲ್ಲಿ ಹೇಳಹೊರಟಾಗ ಎದುರಾಗುವ ಪದಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ನರ: ಆಡುಮಾತಿನಲ್ಲಿ 'ನರ' ಎಂಬ ಪದ ಸಂವೇದನೆ ಸಾಗಿಸುವ ತಂತುವಿಗೂ ರಕ್ತ ಸಾಗಿಸುವ ನಾಳಕ್ಕೂ ಸಮಾನವಾಗಿ ಬಳಕೆಯಲ್ಲಿದೆ. ಕೈಯ ಮೇಲೆ ಉಬ್ಬಿ ಕಾಣುವುದೂ 'ನರ', ನೋವು ತಿಳಿಸುವುದೂ 'ನರ'. 'ಮೆದುಳಿನ ನರ ಮುಚ್ಚಿದೆ' ಎಂದಾಗ ಕೇಳುಗನಿಗೆ ರಕ್ತದ ದಾರಿಯ ಚಿತ್ರ ಬರುತ್ತದೆಂಬ ಭರವಸೆಯಿಲ್ಲ. 'ನರದೌರ್ಬಲ್ಯ'ದ ಚಿತ್ರ ಬರಬಹುದು. ಶಾಸ್ತ್ರೀಯ ಬರಹದಲ್ಲಿ ಈ ಪದವನ್ನು ಒಂದೇ ಅರ್ಥಕ್ಕೆ ಸೀಮಿತಗೊಳಿಸುವುದು ಅಗತ್ಯ.

ಅಪಧಮನಿ: 'ಧಮನಿ' ಎಂಬುದು ಊದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಪದ. ಗ್ರೀಕರು ಅಪಧಮನಿಗೆ ಬಳಸಿದ ಪದವೂ ಶ್ವಾಸನಾಳಕ್ಕೆ ಸಲ್ಲುತ್ತಿದ್ದ ಪದವೇ. ಪಠ್ಯಪುಸ್ತಕದ ಕನ್ನಡವು ಹೃದಯದಿಂದ ದೂರ ಒಯ್ಯುವುದಕ್ಕೆ 'ಅಪ', ಹೃದಯದ ಕಡೆಗೆ ತರುವುದಕ್ಕೆ 'ಅಭಿ' ಎಂಬ ಉಪಸರ್ಗಗಳನ್ನು ಸೇರಿಸಿ ಅಪಧಮನಿ, ಅಭಿಧಮನಿ ಎಂಬ ಜೋಡಿಯನ್ನು ನೆಲೆಗೊಳಿಸಿದೆ. ಮೂಲ ಕಲ್ಪನೆ ತಪ್ಪಾಗಿದ್ದರೂ ಪದ ಉಳಿದು ಹೊಸ ಅರ್ಥವನ್ನು ಹೊತ್ತ ಈ ಉದಾಹರಣೆಯನ್ನು ಗಮನಿಸಿದರೆ, 'ಮೊಯಮೊಯ' ಎಂಬ ಹೆಸರೂ ತೊಂದರೆಯಿಲ್ಲದೆ ಉಳಿಯಬಹುದೆಂದು ತಿಳಿಯುತ್ತದೆ. ಹೆಸರಿಗೆ ಕೂಡಿಸುವ ವಿವರಣೆ ಸರಿಯಿರಬೇಕು, ಅಷ್ಟೆ. ಹೆಸರನ್ನು 'ಹೊಗೆರೋಗ' ಎಂದು ಅನುವಾದಿಸಿದರೆ ಮಾತ್ರ ಅಪಾಯ. ಅರ್ಥ ತಿಳಿಯದ ಹೆಸರು ಅರ್ಥವನ್ನು ಕೇಳುವಂತೆ ಮಾಡುತ್ತದೆ. ತಪ್ಪು ಅರ್ಥ ಕೊಡುವ ಹೆಸರು ಕೇಳುವ ಅಗತ್ಯವನ್ನೇ ಅಳಿಸಿಬಿಡುತ್ತದೆ.

ಕಟ್ಟು: ನಾಳ ಕಿರಿದಾಗುವುದನ್ನು ಹೇಳಲು ಕನ್ನಡದಲ್ಲಿ ಸುಲಭವಾಗಿ ಒದಗುವ ಕ್ರಿಯಾಪದ ಇದು. ಮೂಗು ಕಟ್ಟುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ, ಪಾಚಿ ಕಟ್ಟುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಈ ಎಲ್ಲ ಬಳಕೆಗಳಲ್ಲಿ ಸಮಾನವಾದ ಒಂದು ಚಿತ್ರವಿದೆ: ಏನೋ ಒಂದು ವಸ್ತು ಬಂದು ಸೇರಿ ನಿಲ್ಲುತ್ತದೆ. 'ರಕ್ತನಾಳ ಕಟ್ಟಿಕೊಂಡಿದೆ' ಎಂದೊಡನೆ ಓದುಗನು ಆ ವಸ್ತು ಯಾವುದೆಂದು ಹುಡುಕತೊಡಗುತ್ತಾನೆ. ಸಿದ್ಧ ಉತ್ತರ ಕೊಬ್ಬು. ಹೃದಯಾಘಾತದ ಬಗ್ಗೆ ಬಂದ ಅಸಂಖ್ಯ ಜನಪ್ರಿಯ ಬರಹಗಳು ಈ ಉತ್ತರವನ್ನು ಗಟ್ಟಿಗೊಳಿಸಿವೆ. ಮೊಯಮೊಯದಲ್ಲಿ ಹೊರಗಿನಿಂದ ಬಂದು ಸೇರಿದ ವಸ್ತುವಿಲ್ಲ; ಬದಲಾದದ್ದು ಭಿತ್ತಿಯೇ. ಇಲ್ಲಿ ಒಂದೇ ಒಂದು ಕ್ರಿಯಾಪದ ಇಡೀ ರೋಗಶಾಸ್ತ್ರವನ್ನು ತಲೆಕೆಳಗು ಮಾಡುತ್ತದೆ.

ಗೋಡೆ, ಭಿತ್ತಿ: ಪಠ್ಯಪುಸ್ತಕಗಳಲ್ಲಿ 'ಕೋಶಭಿತ್ತಿ' ಈಗಾಗಲೇ ಬಳಕೆಯಲ್ಲಿರುವುದರಿಂದ 'ನಾಳಭಿತ್ತಿ' ಎಂಬುದಕ್ಕೆ ಆಧಾರವಿದೆ. ಆದರೆ ಗೋಡೆಯಾಗಲಿ ಭಿತ್ತಿಯಾಗಲಿ ಯಾರೋ ಕಟ್ಟಿ ನಿಲ್ಲಿಸಿದ, ತಾನಾಗಿ ಬದಲಾಗದ ವಸ್ತು. ಕೋಶಗಳು ಹೆಚ್ಚುವ, ಜಾಗ ಬದಲಿಸುವ, ಸುತ್ತಳತೆ ಕುಗ್ಗಿಸಿಕೊಳ್ಳುವ ಜೀವಂತ ಅಂಗಾಂಶವನ್ನು ಈ ಪದ ನಿರ್ಜೀವವಾಗಿಸುತ್ತದೆ. 'ಪದರ' ಎಂಬ ಪದ ಈ ದೃಷ್ಟಿಯಿಂದ ಮೇಲು. ಈರುಳ್ಳಿಗೂ ಚರ್ಮಕ್ಕೂ ಪದರಗಳಿವೆ.

ನಾಳ: ಇಂದಿನ ಓದುಗನಿಗೆ 'ನಾಳ' ಎಂದರೆ ಕೊಳವೆ. ಆದರೆ ಸಂಸ್ಕೃತದಿಂದ ಬಂದ ಈ ಪದದ ಹಳೆಯ ಅರ್ಥ ಟೊಳ್ಳಾದ ದಂಟು, ವಿಶೇಷವಾಗಿ ತಾವರೆಯ ದಂಟು. ಕಮಲನಾಳವು ನೀರಿನಲ್ಲಿ ಬೆಳೆಯುತ್ತದೆ, ಬಾಗುತ್ತದೆ, ದಪ್ಪವಾಗುತ್ತದೆ, ಮುರುಟುತ್ತದೆ. ಲೋಹದ ಕೊಳವೆಗೆ ಇದಾವುದೂ ಸಾಧ್ಯವಿಲ್ಲ. ರಕ್ತನಾಳದ ವಿಷಯದಲ್ಲಿ ಕೊಳವೆಯ ಹೋಲಿಕೆಯನ್ನು ಬಿಟ್ಟು ದಂಟಿನ ಹೋಲಿಕೆಗೆ ಮರಳುವುದು ಹೊಸ ಪದ ಟಂಕಿಸುವ ಕೆಲಸವಲ್ಲ. ಇರುವ ಪದದ ನೆನಪನ್ನು ಎಚ್ಚರಿಸುವ ಕೆಲಸ.

ಮುರುಟು: ಹೊರಸುತ್ತಳತೆ ಕುಗ್ಗುವುದನ್ನು ಹೇಳಲು 'ಸಂಕೋಚನ' ಎಂಬ ಪದ ಸಾಲದು. ಸ್ನಾಯು ಕ್ಷಣಕಾಲ ಬಿಗಿದು ಮತ್ತೆ ಸಡಿಲವಾಗುವುದಕ್ಕೂ, ಹೃದಯದ ಬಡಿತಕ್ಕೂ ಅದೇ ಬಗೆಯ ಪದಗಳು ಬಳಕೆಯಲ್ಲಿವೆ. ಮೊಯಮೊಯದ ಕುಗ್ಗುವಿಕೆ ಕ್ಷಣಿಕವಲ್ಲ. ಎಲೆ, ದಂಟುಗಳಿಗೆ ಸಲ್ಲುವ 'ಮುರುಟು' ಎಂಬ ಕ್ರಿಯಾಪದದಲ್ಲಿ ಒಳಗಿನಿಂದಲೇ ನಡೆಯುವ, ಮರಳಿ ಬಿಚ್ಚದ ಕುಗ್ಗುವಿಕೆಯ ಅರ್ಥವಿದೆ. ಆದರೆ ಇದಕ್ಕೂ ಮಿತಿಯುಂಟು. ಮುರುಟುವುದರಲ್ಲಿ ಒಣಗುವ ಭಾವವಿದೆ. ಇಲ್ಲಿಯಾದರೋ ಒಳಪದರದಲ್ಲಿ ಕೋಶಗಳು ಹೆಚ್ಚುತ್ತವೆ. ಆದ್ದರಿಂದ ಈ ಕ್ರಿಯಾಪದವನ್ನು ಒಂಟಿಯಾಗಿ ಬಳಸದೆ 'ಒಳಗೆ ದಪ್ಪವಾಗಿ, ಹೊರಗೆ ಮುರುಟಿ' ಎಂದು ಜೋಡಿಯಾಗಿ ಬಳಸುವುದು ಸೂಕ್ತ.

6. ನಿರೂಪಣೆಯ ಹೊಣೆ

ಪದಗಳ ಈ ಸೂಕ್ಷ್ಮ ಪರಿಶೀಲನೆ ಭಾಷಾಶಾಸ್ತ್ರದ ಕುತೂಹಲಕ್ಕೆ ಮಾತ್ರ ಸೀಮಿತವಾದುದಲ್ಲ. ಮೊಯಮೊಯ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವ ಎರಡು ವಯೋಮಾನಗಳಲ್ಲಿ ಮೊದಲನೆಯದು ಬಾಲ್ಯ, ಸರಿಸುಮಾರು 5ರಿಂದ 10 ವರ್ಷ. ಮಗು ಜೋರಾಗಿ ಅತ್ತಾಗ, ಬಿಸಿ ಆಹಾರವನ್ನು ಊದಿದಾಗ, ಊದುವ ವಾದ್ಯ ನುಡಿಸಿದಾಗ ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು ಇದರ ಪ್ರಸಿದ್ಧ ಲಕ್ಷಣ. ರಭಸದ ಉಸಿರಾಟದಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೆದುಳಿನ ನಾಳಗಳು ಬಿಗಿಯುತ್ತವೆ. ಮೊದಲೇ ಕಷ್ಟದಲ್ಲಿದ್ದ ಭಾಗಕ್ಕೆ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ. ಕೆಲವು ನಿಮಿಷಗಳಲ್ಲಿ ಎಲ್ಲವೂ ಸರಿಹೋಗಬಹುದು.

ಹೀಗೆ ಬಂದು ಹೋಗುವ ಸೋಲಿಗೆ ಕನ್ನಡದ ಆಡುಮಾತಿನಲ್ಲಿ ನೆಲೆಗೊಂಡ ಹೆಸರಿಲ್ಲ. 'ಲಕ್ವ', 'ಪಾರ್ಶ್ವವಾಯು' ಎಂಬ ಪದಗಳು ಬಂದು ನಿಂತ ಸ್ಥಿತಿಯನ್ನು ಹೇಳುತ್ತವೆ. ಸಾಮಾನ್ಯವಾಗಿ ವಯಸ್ಸಾದವರನ್ನು ನೆನಪಿಗೆ ತರುತ್ತವೆ. ಅಳುವ ಮಗುವಿನ ಕೈ ಸೋತರೆ ಅದಕ್ಕೆ ಸಿಗುವ ಹೆಸರು 'ಹಠ'ವೋ 'ಸೋಗು' ಎಂಬುದೋ ಆಗುವ ಸಾಧ್ಯತೆಯಿದೆ. ಹೆಸರಿಲ್ಲದ ಲಕ್ಷಣ ವೈದ್ಯರವರೆಗೆ ತಲುಪುವುದು ತಡವಾಗುತ್ತದೆ. ಹೆಸರು ತಿಳಿದ ಮೇಲೂ 'ನರದಲ್ಲಿ ಕೊಬ್ಬು ಕಟ್ಟಿದೆ' ಎಂಬ ವಿವರಣೆ ದೊರೆತರೆ, ಎಂಟು ವರ್ಷದ ಮಗುವಿನ ಊಟದಲ್ಲಿ ತಪ್ಪು ಹುಡುಕುವ ತಾಯಿ ಇಲ್ಲದ ಅಪರಾಧವೊಂದನ್ನು ತನ್ನ ಮೇಲೆ ಹೊತ್ತುಕೊಳ್ಳಬೇಕಾಗುತ್ತದೆ.

ಚಿಕಿತ್ಸೆಯ ತರ್ಕವೂ ಭಿತ್ತಿಯ ತಿಳಿವಳಿಕೆ ಇಲ್ಲದೆ ಅರ್ಥವಾಗುವುದಿಲ್ಲ. ಒಳಗೆ ಕಟ್ಟಿಕೊಂಡ ವಸ್ತುವಾಗಿದ್ದರೆ ತೆಗೆದುಹಾಕಬಹುದಿತ್ತು. ಭಿತ್ತಿಯ ಈ ಬದಲಾವಣೆಯನ್ನು ತಡೆದು ನಿಲ್ಲಿಸುವುದೆಂದು ಸಿದ್ಧವಾದ ಔಷಧವಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆ ಕಿರಿದಾದ ನಾಳವನ್ನು ಹಾಗೆಯೇ ಬಿಟ್ಟು ಹೊಸ ದಾರಿಯನ್ನು ಒದಗಿಸುತ್ತದೆ. ಕಿವಿಯ ಮುಂಭಾಗದಲ್ಲಿ ಮಿಡಿಯುವ, ನೆತ್ತಿಯ ಚರ್ಮಕ್ಕೆ ರಕ್ತ ಒಯ್ಯುವ ಅಪಧಮನಿಯನ್ನು ಮೆದುಳಿನ ಮೇಲ್ಮೈಯ ಅಪಧಮನಿಗೆ ಜೋಡಿಸುವ ವಿಧಾನವನ್ನು 1967ರಲ್ಲಿ ಜ್ಯೂರಿಕ್‌ನಲ್ಲಿ ಯಾಸರ್ಗಿಲ್ ಅವರು ಮನುಷ್ಯರಲ್ಲಿ ನೆರವೇರಿಸಿದರು. ಅದು ಮುಂದೆ ಮೊಯಮೊಯಕ್ಕೂ ಅನ್ವಯವಾಯಿತು. ನೇರವಾಗಿ ಜೋಡಿಸದೆ ಆ ನಾಳವನ್ನು ಮೆದುಳಿನ ಮೇಲೆ ಒರಗಿಸಿಟ್ಟು, ತಿಂಗಳುಗಳಲ್ಲಿ ಹೊಸ ಕವಲುಗಳು ಮೂಡಲು ಬಿಡುವ ಪರೋಕ್ಷ ವಿಧಾನವೂ ಇದೆ. ರಕ್ತಸ್ರಾವವಾಗಿದ್ದ 80 ವಯಸ್ಕರನ್ನು ಒಳಗೊಂಡ, 2014ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವು ನೇರ ಜೋಡಣೆ ಮತ್ತೆ ರಕ್ತಸ್ರಾವವಾಗುವುದನ್ನು ಕಡಿಮೆ ಮಾಡುತ್ತದೆಂಬುದನ್ನು ಬೆಂಬಲಿಸಿತು. ತೆಳುಭಿತ್ತಿಯ ಬಳಸುದಾರಿಗಳ ಮೇಲಿನ ಹೊರೆ ಇಳಿಯುತ್ತದೆ ಎಂಬುದು ಇದರ ಹಿಂದಿನ ತರ್ಕ. 'ಕೊಬ್ಬು ಕಟ್ಟಿದೆ' ಎಂದು ಕೇಳಿದ ಕುಟುಂಬಕ್ಕೆ 'ಕೊಬ್ಬನ್ನು ತೆಗೆಯದೆ ತಲೆಯ ಚರ್ಮದ ನಾಳವನ್ನೇಕೆ ಮುಟ್ಟುತ್ತಾರೆ' ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಭಿತ್ತಿಯ ಬದಲಾವಣೆಯನ್ನು ಕೇಳಿದ ಕುಟುಂಬಕ್ಕೆ ಆ ಪ್ರಶ್ನೆಯೇ ಏಳುವುದಿಲ್ಲ.

ಮೇಲಿನ ಚರ್ಚೆಯ ಬೆಳಕಿನಲ್ಲಿ ಸಾಮಾನ್ಯ ಓದುಗನಿಗಾಗಿ ಒಂದು ಮಾದರಿ ನಿರೂಪಣೆಯನ್ನು ಹೀಗೆ ಸೂಚಿಸಬಹುದು:

'ಮೆದುಳಿಗೆ ರಕ್ತ ಒಯ್ಯುವ ಮುಖ್ಯ ನಾಳದ ಒಳಪದರ ನಿಧಾನವಾಗಿ ದಪ್ಪವಾಗುತ್ತದೆ, ನಡುಪದರ ತೆಳುವಾಗುತ್ತದೆ, ಇಡೀ ನಾಳ ತಾವರೆಯ ದಂಟು ಮುರುಟಿದಂತೆ ಸಣ್ಣದಾಗುತ್ತದೆ. ಇದು ಕೊಬ್ಬು ಕಟ್ಟಿ ಆದದ್ದಲ್ಲ, ಊಟದಿಂದ ಬಂದದ್ದಲ್ಲ. ರಕ್ತ ಸಾಲದಾದಾಗ ಮೆದುಳಿನೊಳಗಿನ ಸಣ್ಣ ನಾಳಗಳು ಹಿಗ್ಗಿ ಬಳಸುದಾರಿಯಾಗುತ್ತವೆ. ಚಿತ್ರದಲ್ಲಿ ಅವು ಹೊಗೆಯಂತೆ ಕಾಣುವುದರಿಂದ ಜಪಾನಿನ ವೈದ್ಯರು ಇದನ್ನು ಮೊಯಮೊಯ ಎಂದು ಕರೆದರು. ಆ ಸಣ್ಣ ನಾಳಗಳು ಅಷ್ಟು ಹೊರೆಗೆ ತಕ್ಕವಲ್ಲ. ಅವು ಮುಚ್ಚಬಹುದು, ಒಡೆಯಬಹುದು.'

ಈ ಮಾದರಿಯಲ್ಲಿ ಹೊಸದಾಗಿ ಟಂಕಿಸಿದ ಒಂದು ಪದವೂ ಇಲ್ಲ. ಹೆಸರಿನ ಹೊರತು ಬೇರೆ ಪಾರಿಭಾಷಿಕ ಪದವೂ ಇಲ್ಲ. 'ನರ' ಎಂಬ ಪದವನ್ನು ಬಿಡಲಾಗಿದೆ. 'ಕಟ್ಟು' ಎಂಬುದು ನಿಷೇಧರೂಪದಲ್ಲಿ ಮಾತ್ರ ಬಂದಿದೆ. ಹೊಗೆಯ ಪ್ರಸ್ತಾಪ ಭಿತ್ತಿಯ ಪ್ರಸ್ತಾಪದ ನಂತರ ಬಂದಿರುವುದೂ ಉದ್ದೇಶಪೂರ್ವಕವಾದುದೇ.

7. ಸಮಾರೋಪ

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ರೋಗದ ಹೆಸರು ಅದನ್ನು ಮೊದಲು ನೋಡಿದ ಸಾಧನದ ಮಿತಿಯನ್ನು ಹೊತ್ತಿರುತ್ತದೆ. ಮೊಯಮೊಯದ ಹೆಸರು ಆಂಜಿಯೋಗ್ರಫಿಗೆ ಕಂಡ ಹೊಗೆಯದು. ರೋಗ ಅದಕ್ಕೆ ಕಾಣದ ಭಿತ್ತಿಯದು. ಆದ್ದರಿಂದ ಅನ್ಯಭಾಷೆಯ ರೋಗನಾಮವನ್ನು ಅನುವಾದಿಸುವ ಮುನ್ನ ಅದು ಏನನ್ನು ಹೆಸರಿಸುತ್ತಿದೆ ಎಂಬುದನ್ನು ವಿಚಾರಿಸಬೇಕು. ಎರಡು, ವೈದ್ಯಕೀಯ ಕನ್ನಡದ ನಿಖರತೆ ನಾಮಪದಗಳಷ್ಟೇ ಕ್ರಿಯಾಪದಗಳನ್ನೂ ಅವಲಂಬಿಸಿದೆ. ಪದಕೋಶಗಳು ಮೊದಲನೆಯದನ್ನು ಒದಗಿಸಬಲ್ಲವು. ಎರಡನೆಯದಕ್ಕೆ ಭಾಷೆಯ ಒಳನಡೆಯನ್ನು ಬಲ್ಲವರ ನೆರವು ಬೇಕು. ಕನ್ನಡ ಅಧ್ಯಯನ ವಿಭಾಗಗಳಿಗೆ ಇಲ್ಲೊಂದು ಕೆಲಸವಿದೆ. ಮೂರು, ಕನ್ನಡದಲ್ಲಿ ಪದದಾರಿದ್ರ್ಯವಿಲ್ಲ. ನಾಳ, ಪದರ, ಬಳಸುದಾರಿ, ಮುರುಟು ಎಂಬ ಪದಗಳು ತೋಟದಲ್ಲಿ, ಅಡುಗೆಮನೆಯಲ್ಲಿ, ಊರ ದಾರಿಯಲ್ಲಿ ಈಗಲೂ ಬದುಕಿವೆ.

ಕಾಯಿಲೆ ಅಪರೂಪದ್ದೇ ಇರಬಹುದು. ಆದರೆ ಅದು ಬಂದ ಮನೆಯವರಿಗೆ ವೈದ್ಯರ ಮಾತು ಅರ್ಥವಾಗಬೇಕಾದದ್ದು ಅವರ ಭಾಷೆಯಲ್ಲಿ. ಆ ಭಾಷೆಯ ಕ್ರಿಯಾಪದವೊಂದು ತಪ್ಪಿದರೂ ಅವರಿಗೆ ಸಿಗುವುದು ಭಿತ್ತಿಯ ಅರಿವಲ್ಲ, ಹೊಗೆ ಮಾತ್ರ.